ಗೆದ್ದವರು ಯಾರು ಎಂದು ಕೇಳುವವರಿಗೆ

ತಿಂಗಳ ಎರಡನೆಯ ಭಾನುವಾರ ಕೋಲಾರದ ನಮ್ಮ ಮನೆಯ ಮಹಡಿಯಲ್ಲಿ ಐದು ಜನ ಸೇರಿ ಒಂದು ಆಟ ಆಡುತ್ತೇವೆ. ಅದರ ಬಗ್ಗೆ ಬಂಧುಗಳು, ನೆರೆಯವರು, ಶಾಲೆಯ ಸಹೋದ್ಯೋಗಿಗಳು ಮೂರು ವರ್ಷಗಳಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ: "ಅದರಲ್ಲಿ ಗೆಲ್ಲುವುದು ಯಾರು?" ಇಷ್ಟು ದಿನ ಸಮಾಧಾನದಿಂದ ಉತ್ತರಿಸಿದ್ದೇನೆ. ಇನ್ನು ಮೇಲೆ ಈ ಬರಹವನ್ನೇ ಕಳುಹಿಸುತ್ತೇನೆ. ಯಾರೂ ಗೆಲ್ಲುವುದಿಲ್ಲ. ಗೆಲ್ಲುವುದಕ್ಕೆಂದು ಆಡುವ ಆಟ ಅದಲ್ಲ. ಹಣ ಕಟ್ಟುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಮೊಬೈಲ್ ಕೂಡ ಬೇಕಿಲ್ಲ.

ಆಟದ ಹೆಸರು ಸೈಬರ್‌ಪಂಕ್ ರೆಡ್. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆಯನ್ನು ನಡೆಸಿಕೊಂಡು ಹೋಗುವ ಆಟಗಳ ಪೈಕಿ ಇದೂ ಒಂದು. ಆ ಬಗೆಯ ಆಟಗಳು 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ ಶುರುವಾದವು. ಮೈಕ್ ಪಾಂಡ್‌ಸ್ಮಿತ್ ರೂಪಿಸಿದ ಸೈಬರ್‌ಪಂಕ್ ಬಂದದ್ದು 1988ರಲ್ಲಿ. ಅದರಲ್ಲಿ ಕಲ್ಪಿಸಿದ್ದ ಭವಿಷ್ಯ 2013ರದ್ದು. ನಾವು ಆಡುವ ಆವೃತ್ತಿಯಲ್ಲಿ ಕಾಲ 2045, ಸ್ಥಳ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿದೆ ಎಂದು ಕಲ್ಪಿಸಿದ ನೈಟ್ ಸಿಟಿ. ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಯುದ್ಧ ಮಾಡಿ ಆ ಊರಿನ ನಡುಭಾಗವನ್ನು ಅಣುಬಾಂಬಿಗೆ ಬಲಿಕೊಟ್ಟಿವೆ; ಉಳಿದವರು ಅವಶೇಷಗಳ ನಡುವೆ ಬದುಕು ಕಟ್ಟಿಕೊಳ್ಳುತ್ತಿದ್ದಾರೆ. ಯಾವುದಾದರೂ ಕಷ್ಟದ ಕೆಲಸಕ್ಕೆ ಕೈಹಾಕಿದಾಗ ಪಾತ್ರದ ಗುಣಕ್ಕೂ ಕೌಶಲ್ಯಕ್ಕೂ ಇರುವ ಅಂಕಗಳನ್ನು ಕೂಡಿಸಿ, ಹತ್ತು ಮುಖದ ದಾಳ ಉರುಳಿಸಿ ಬಂದದ್ದನ್ನು ಅದಕ್ಕೆ ಸೇರಿಸುತ್ತಾರೆ. ಮೊತ್ತ ನಿಗದಿಯಾದ ಸಂಖ್ಯೆಯನ್ನು ಮೀರಿದರೆ ಕೆಲಸ ಆಯಿತು. ನಾನು ಗೇಮ್ ಮಾಸ್ಟರ್, ಅಂದರೆ ಊರು, ಬೀದಿ, ಪೊಲೀಸರು, ದಲ್ಲಾಳಿಗಳು ಎಲ್ಲವೂ ನಾನೇ. ಉಳಿದ ನಾಲ್ವರು ಆ ಊರಿನಲ್ಲಿ ಬದುಕುವವರು.

ಈ ಪ್ರಶ್ನೆ ನನ್ನನ್ನು ಇಷ್ಟು ಕೆರಳಿಸುವುದಕ್ಕೆ ಒಂದು ಸಂಜೆ ಕಾರಣ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ, ಬಹಳ ಒಳ್ಳೆಯವರು. ಮೊಮ್ಮಗನ ನಾಮಕರಣಕ್ಕೆ ಕರೆಯಲು ಬಂದವರು ನಮ್ಮತ್ತೆಯ ಮಾತಿನಂತೆ ನೇರ ಮಹಡಿಗೇ ಹತ್ತಿ ಬಂದರು. ಮೇಜಿನ ಮೇಲೆ ದಾಳಗಳು, ಪೆನ್ಸಿಲ್ಲು, ಕಾಗದ, ಒಂದು ತಟ್ಟೆ ಕೋಡುಬಳೆ. ಸುತ್ತ ಇಬ್ಬರು ಗಂಡಸರು, ಮೂವರು ಹೆಂಗಸರು. ಅವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಏನಮ್ಮಾ ಇದು, ಪಾಠ ಹೇಳೋ ಮನೇಲಿ ದಾಳ?"

"ಜೂಜಲ್ಲ ಮೇಷ್ಟ್ರೇ, ಕಥೆ ಕಟ್ಟೋ ಆಟ."

"ಮತ್ತೆ ಗೆದ್ದೋರು ಯಾರು?"

"ಇದರಲ್ಲಿ ಯಾರೂ ಗೆಲ್ಲಲ್ಲ."

"ಯಾರೂ ಗೆಲ್ಲದ ಆಟಕ್ಕೆ ಇಷ್ಟೊತ್ತಾ? ಧರ್ಮರಾಯನಂಥೋನೇ ದಾಳ ಹಿಡಿದು ಏನಾದ ಅಂತ ಗೊತ್ತಲ್ಲಮ್ಮ."

ಆಹ್ವಾನ ಪತ್ರಿಕೆ ಕೊಟ್ಟು ಹೊರಟರು. ಆ ವಾರವಿಡೀ ಬೀದಿಯಲ್ಲಿ ಮೂರು ಜನ ನನ್ನನ್ನು ತಡೆದು, ಅಂದರ್ ಬಾಹರ್ ಅಡ್ಡೆಗಳ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿಗಳನ್ನು ನೆನಪಿಸಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆ ಜೂಜಿನಲ್ಲಿ ಹೊಲ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅಂದು ಮೇಷ್ಟ್ರಿಗೆ ಹೇಳಲಾಗದ ಮಾತೊಂದನ್ನು ಇಲ್ಲಿ ಹೇಳುತ್ತೇನೆ. ಅವರು ಹರೆಯದಲ್ಲಿ ತಮ್ಮ ಊರಿನ ಜಾತ್ರೆಯಲ್ಲಿ ಕುರುಕ್ಷೇತ್ರ ನಾಟಕದ ದುರ್ಯೋಧನನ ಪಾತ್ರಕ್ಕೆ ಹೆಸರಾಗಿದ್ದವರು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿ, ಸೀನರಿಗೂ ಉಡುಪಿಗೂ ಕೈಯಿಂದ ದುಡ್ಡು ಹಾಕಿ, ಬೆಳಗಿನ ಜಾವದವರೆಗೆ ಗದೆ ಹಿಡಿದು ಕಂದಪದ್ಯ ಹಾಡಿದ್ದಾರೆ. ಮರುದಿನ ಬೆಳಿಗ್ಗೆ ಯಾರಾದರೂ ಅವರನ್ನು "ಗೆದ್ದವರು ಯಾರು?" ಎಂದು ಕೇಳಿದ್ದುಂಟೇ? ಪಾತ್ರ ಹೇಗೆ ಬಂತು, ತೊಡೆ ಮುರಿಯುವ ಹೊತ್ತಿಗೆ ಜನ ಅತ್ತರೇ ಎಂದು ಕೇಳುತ್ತಾರೆ. ನಮ್ಮದೂ ಪಾತ್ರ ವಹಿಸುವ ಕೆಲಸವೇ. ಅವರ ನಾಟಕದಲ್ಲಿ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ನಮ್ಮದರಲ್ಲಿ ಕಥೆ ನಡೆಸುವ ನನಗೂ ಗೊತ್ತಿರುವುದಿಲ್ಲ, ವ್ಯತ್ಯಾಸ ಇಷ್ಟೇ. ದಾಳ ಇರುವುದು ಅದಕ್ಕಾಗಿ.

ಇನ್ನು ಕೆಲವರು ಸ್ವಲ್ಪ ಬುದ್ಧಿವಂತಿಕೆಯಿಂದ ಕೇಳುತ್ತಾರೆ: "ಇರೋ ಕಷ್ಟ ಸಾಲದು ಅಂತ ಮುಂದೆ ಬರೋ ಕೆಟ್ಟ ಕಾಲಾನೂ ಈಗಲೇ ಊಹಿಸ್ಕೊಂಡು ಆಡ್ಬೇಕಾ?" ಇದಕ್ಕೆ ಉತ್ತರಿಸಬೇಕಾದರೆ ನಮ್ಮ ಎರಡನೆಯ ಭೇಟಿಯಲ್ಲಿ ನಡೆದದ್ದನ್ನು ಹೇಳಬೇಕು.

ಅಂದಿಗಾಗಿ ನಾನು ಒಂದು ವಾರ ಕುಳಿತು ಸಿದ್ಧತೆ ಮಾಡಿದ್ದೆ. ಒಂದು ಕಂಪನಿಯ ಕಟ್ಟಡಕ್ಕೆ ನುಗ್ಗಿ ಕಡತಗಳಿರುವ ಚಿಪ್ ಒಂದನ್ನು ಕದ್ದು ತರುವುದು ಆಟಗಾರರ ಕೆಲಸ. ಯಾವ ಮಹಡಿಯಲ್ಲಿ ಎಷ್ಟು ಕಾವಲುಗಾರರು, ಯಾವ ಬಾಗಿಲಿಗೆ ಯಾವ ಬೀಗ, ಎಲ್ಲ ಬರೆದಿಟ್ಟಿದ್ದೆ. ಪಾತ್ರಗಳು ಉಳಿದುಕೊಂಡಿದ್ದ ವಸತಿಯನ್ನು ವರ್ಣಿಸುತ್ತಾ, ಹಳೆಯ ಸರಕು ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಮನೆಗಳಲ್ಲಿ ನಾನೂರು ಜನ ಇದ್ದಾರೆ ಎಂದೆ. ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗೆಳತಿ ತಕ್ಷಣ ಕೇಳಿದಳು: "ನಾನೂರು ಜನಕ್ಕೆ ನೀರು ಎಲ್ಲಿಂದ ಬರುತ್ತೆ?"

ನನ್ನ ಟಿಪ್ಪಣಿಯಲ್ಲಿ ನೀರಿನ ಮಾತೇ ಇರಲಿಲ್ಲ. ಕಂಪನಿಯ ಕೊಳವೆಯಿಂದ ಎಂದೆ. "ದಿನಕ್ಕೆಷ್ಟು ಹೊತ್ತು ಬಿಡ್ತಾರೆ? ತೂಬು ಯಾರ ಕೈಲಿದೆ? ಅಲ್ಲಿ ನೀರುಗಂಟಿ ಯಾರು?"

ನಮ್ಮ ಸೀಮೆಯ ಹೊರಗಿನವರಿಗಾಗಿ ಹೇಳುತ್ತೇನೆ: ಕೆರೆಯ ತೂಬನ್ನು ಎತ್ತಿ ಇಳಿಸಿ, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಂಡು ಹಾಯಿಸುವವನು ನೀರುಗಂಟಿ. ಅವನಿಗೆ ಕೊಡುವ ಕೂಲಿ ಕಣದಲ್ಲಿ ಅಳೆಯುವ ಧಾನ್ಯ. ಸೈಬರ್‌ಪಂಕ್ ರೆಡ್‌ನ ಪುಸ್ತಕದಲ್ಲಿ ಪಾತ್ರದ ಬಗೆಗಳು ಹತ್ತು; ಹಾಡುವವರು, ಕೂಲಿಗೆ ಹೋರಾಡುವವರು, ದಲ್ಲಾಳಿಗಳು, ವರದಿಗಾರರು, ಕಂಪನಿಯ ಅಧಿಕಾರಿಗಳು ಎಲ್ಲರೂ ಇದ್ದಾರೆ. ನೀರುಗಂಟಿ ಇಲ್ಲ. ನದಿ ಎಂದರೆ ಮಳೆಗಾಲದ ನೆನಪಾಗಿರುವ, ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರೀ ದೂಳು ಬರುವ ಜಿಲ್ಲೆಯವರಿಗೆ ಬೇರೆಲ್ಲಕ್ಕಿಂತ ಮೊದಲು ಆ ಕೊರತೆ ಕಂಡಿತು. ಚಿಪ್ ಕದಿಯುವ ಕೆಲಸ ಅಂದಿಗೇ ಬಿದ್ದುಹೋಯಿತು; ಕಂಪನಿಯ ಕೈಯಿಂದ ನೀರನ್ನು ಬಿಡಿಸಿಕೊಳ್ಳುವುದೇ ಆಟವಾಯಿತು. ಕಾವಲುಗಾರರ ನನ್ನ ಪಟ್ಟಿ ಇನ್ನೂ ಫೈಲಿನಲ್ಲಿದೆ.

ಕಂಪನಿಯ ಅಧಿಕಾರಿಯ ಪಾತ್ರ ವಹಿಸುವವನು ಕೆಜಿಎಫ್‌ನವನು. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಸುರಂಗಗಳಲ್ಲಿ ದುಡಿದವರು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ನೀರು ಬೇತಮಂಗಲದ ಕೆರೆಯಿಂದ ಗಣಿಗೆಂದು ಬಂದದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವನಿಗೆ ಒಂಬತ್ತು ವರ್ಷ. ಕೆಲಸದ ಜೊತೆಗೆ ಏನೇನು ಹೋಗುತ್ತದೆ ಎಂಬುದನ್ನು ಅವನು ಒಂದೊಂದಾಗಿ ನೋಡಿದ್ದಾನೆ. ಹಾಗಾಗಿ ನೈಟ್ ಸಿಟಿಯ ಕಂಪನಿಯ ಪರವಾಗಿ ಅವನು ಮಾತಾಡಲು ಕುಳಿತಾಗ ನಮಗೆ ಯಾರಿಗೂ ಅವನನ್ನು ಸುಲಭವಾಗಿ ಸೋಲಿಸಲಾಗುವುದಿಲ್ಲ. "ನೀವು ಕೊಳವೆ ಕಿತ್ತುಕೊಳ್ಳಿ, ಬೇಡ ಅನ್ನಲ್ಲ. ಪಂಪಿಗೆ ಕರೆಂಟು ಯಾರು ಕೊಡ್ತಾರೆ?" ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಒಂದಿಡೀ ಭಾನುವಾರ ಹಿಡಿಯಿತು.

ಕೊನೆಗೆ ಆಟಗಾರರು ಪಂಪನ್ನೂ ಶುದ್ಧೀಕರಣ ಘಟಕವನ್ನೂ ವಶಪಡಿಸಿಕೊಂಡರು. ಘಟಕದಲ್ಲಿ ನೀರು ಎರಡು ಹಂತ ದಾಟಿ ಬರುತ್ತಿತ್ತು, ಮೂರನೆಯ ಹಂತ ಕೆಟ್ಟಿತ್ತು. ಇದನ್ನು ನಾನು ಬೇಕೆಂದೇ ಇಟ್ಟೆ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೆರೆ ತುಂಬಿದ್ದಕ್ಕೆ ಸಂತೋಷಪಟ್ಟವರೂ, ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಹೋರಾಡುತ್ತಿರುವವರೂ ನಮ್ಮ ಮೇಜಿನ ಸುತ್ತಲೇ ಇದ್ದಾರೆ. ಆಟದಲ್ಲಿ ವೈದ್ಯೆಯಾಗಿರುವ ಗೆಳತಿ ನಿಜಜೀವನದಲ್ಲಿ ನರ್ಸ್. ಪರೀಕ್ಷೆ ಮಾಡದೆ ಒಂದು ಲೋಟವನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದಳು. ಅವಳ ಪಾತ್ರದ ಅಂಕ ಹನ್ನೊಂದು, ಮೀರಬೇಕಾದದ್ದು ಹದಿನೈದು. ದಾಳದಲ್ಲಿ ಐದು ಬಿದ್ದಿದ್ದರೆ ಸಾಕಿತ್ತು. ಬಿದ್ದದ್ದು ಒಂದು. ಒಂದು ಬಿದ್ದರೆ ಇನ್ನೊಮ್ಮೆ ಉರುಳಿಸಿ ಬಂದದ್ದನ್ನು ಕಳೆಯಬೇಕೆಂಬುದು ನಿಯಮ. ಏಳು ಬಿತ್ತು. ಪರೀಕ್ಷೆಯ ಯಂತ್ರ ಸುಟ್ಟುಹೋಯಿತು ಎಂದೆ. ನೀರು ಕುಡಿಯಲು ಯೋಗ್ಯವೋ ಅಲ್ಲವೋ ತಿಳಿಯುವ ದಾರಿ ಇಲ್ಲ, ಹೊರಗೆ ನಾನೂರು ಜನ ಎರಡು ದಿನದಿಂದ ಕಾಯುತ್ತಿದ್ದಾರೆ.

ಆ ರಾತ್ರಿ ಒಂಬತ್ತರವರೆಗೆ ವಾದ ನಡೆಯಿತು. ಮಕ್ಕಳಿರುವ ಮನೆಗಳಿಗೆ ಬಿಡುವುದು ಬೇಡ ಎಂದರು. ಮಕ್ಕಳೇ ಮೊದಲು ಬಾಯಾರಿ ಬೀಳುವುದು ಎಂದು ಅವರೇ ಹೇಳಿಕೊಂಡರು. ತಾತನ ಮಾತೆತ್ತದ ಕೆಜಿಎಫ್‌ನವನು ಅಂದು ಮೊದಲ ಬಾರಿ ತಾತನ ಕೆಮ್ಮಿನ ಬಗ್ಗೆ ಹೇಳಿದ. ಈ ನಾಲ್ವರಲ್ಲಿ ಯಾರನ್ನೂ ಇದುವರೆಗೆ ಯಾವ ಅಧಿಕಾರಿಯೂ ನೀರಿನ ಬಗ್ಗೆ ಅಭಿಪ್ರಾಯ ಕೇಳಿಲ್ಲ. ಮೇಜಿನ ಮುಂದೆ ತೂಬು ಅವರ ಕೈಯಲ್ಲಿತ್ತು, ಆ ಭಾರ ಅವರ ಮುಖದಲ್ಲಿ ಕಾಣುತ್ತಿತ್ತು. ಕೆಟ್ಟ ಕಾಲವನ್ನು ಏಕೆ ಕಲ್ಪಿಸಿಕೊಳ್ಳುತ್ತೀರಿ ಎಂದು ಕೇಳುವವರಿಗೆ ನಾನು ತೋರಿಸಬಲ್ಲದ್ದು ಆ ರಾತ್ರಿಯನ್ನು.

ಆದ್ದರಿಂದ ಮುಂದೆ ನನ್ನನ್ನು ಕೇಳಬೇಕೆನಿಸಿದರೆ, ಮಂಡಿಯ ಲೆಕ್ಕದವಳು ಕೇಳಿದ್ದನ್ನು ಕೇಳಿ: ಅಲ್ಲಿ ನೀರುಗಂಟಿ ಯಾರು? ಅದಕ್ಕೆ ಉತ್ತರವಿದೆ. ಸದ್ಯಕ್ಕೆ ನರ್ಸ್ ಗೆಳತಿಯ ಪಾತ್ರವನ್ನು ಆ ನಾನೂರು ಜನ ನೀರುಗಂಟಿಯಾಗಿ ಒಪ್ಪಿಕೊಂಡಿದ್ದಾರೆ, ಪಾತ್ರದ ವಿವರಗಳಿರುವ ತನ್ನ ಕ್ಯಾರೆಕ್ಟರ್ ಶೀಟಿನ ಅಂಚಿನಲ್ಲಿ ಗೆಳತಿ ಪೆನ್ಸಿಲ್ಲಿನಿಂದ ಹಾಗೆಂದು ಬರೆದುಕೊಂಡಿದ್ದಾಳೆ. ತೂಬು ಇನ್ನೂ ಮುಚ್ಚಿದೆ. ಬರುವ ಎರಡನೆಯ ಭಾನುವಾರ ಅವಳಿಗೆ ನೈಟ್ ಡ್ಯೂಟಿ ಬೀಳದಿದ್ದರೆ ಅಲ್ಲಿಂದಲೇ ಶುರು ಮಾಡುತ್ತೇವೆ.