ಕಟ್ಟು ಎಲ್ಲಿ ಹೋಯ್ತು?

13 ಮೇ 2024, ಸೋಮವಾರ
ಬ್ಲೂ ಬೇ, ಮಾರಿಷಸ್

ಅತ್ತೆ ಇವತ್ತು ನಾಲ್ಕು ತಿಂದರು. ನಾಲ್ಕು! ಇದನ್ನು ಮೊದಲು ಬರೆದಿಟ್ಟುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಬಂದಾಗಿನಿಂದ ನನಗೆ ಸಮುದ್ರ ಸರಿಯಾಗಿ ಕಂಡೇ ಇಲ್ಲ. ಅತ್ತೆಯ ತಟ್ಟೆ ಒಂದೇ ಕಾಣುತ್ತಿತ್ತು. ಬೆಳಗ್ಗೆ ಬ್ರೆಡ್ಡು, ಬಾಳೆಹಣ್ಣು. ರಾತ್ರಿ ಬಿಳಿ ಅನ್ನ, ಮೊಸರು, ತಿಪಟೂರಿಂದ ಹೊತ್ತು ತಂದ ನಿಂಬೆಕಾಯಿ ಉಪ್ಪಿನಕಾಯಿ. "ನನ್ನ ಯೋಚನೆ ಬಿಡಮ್ಮ, ನೀವು ತಿನ್ನಿ" ಅಂತ ಅವರು ಅಂದಷ್ಟೂ ನನಗೆ ತುತ್ತು ಇಳಿಯುತ್ತಿರಲಿಲ್ಲ. ಕರೆದುಕೊಂಡು ಬಂದವಳು ನಾನು ತಾನೆ.

ನಿನ್ನೆ ರಾತ್ರಿಯದಂತೂ ಕೇಳಬೇಡಿ. ಇವರು ಫೋನಿನಲ್ಲಿ ಸ್ಟಾರು ಎಣಿಸಿ ಎಣಿಸಿ ಒಂದು ಹೋಟೆಲ್ ಹುಡುಕಿದ್ದರು. ಹೆಸರು ಬೇಡ. ನೀರಿನ ಪಕ್ಕಕ್ಕೇ ಮೇಜು, ಮೇಲೊಂದು ಮೇಣದಬತ್ತಿ. ಗಾಳಿಗೆ ಅದು ಮೂರು ಸಲ ಆರಿತು. ಇಲ್ಲಿ ಮೇ ಅಂದ್ರೆ ಚಳಿಗಾಲ ಶುರು, ಆರು ಗಂಟೆಗೆಲ್ಲ ಕತ್ತಲು. ಅತ್ತೆ ಶಾಲು ಹೊದ್ದು ಕೂತಿದ್ದರು. ಮೆನುವಿನಲ್ಲಿ ಪಾಮ್ ಹಾರ್ಟ್ ಸಲಾಡ್ ಅಂತಿತ್ತು. ಮರದ್ದು ತಾನೆ, ಅಂತ ಇವರು ಧೈರ್ಯವಾಗಿ ಹೇಳಿಬಿಟ್ಟರು. ಬಂತು. ರಿಬ್ಬನ್ನಿನ ಹಾಗೆ ಕೊಯ್ದ ಬಿಳಿ ತಿರುಳು, ಅದರ ಮೇಲೆ ಹೊಗೆ ಹಾಕಿದ ಮಾರ್ಲಿನ್ ಮೀನು. ವೆಯಿಟರ್ ಸಾರಿ ಅಂತ ಒಳಗೆ ಒಯ್ದು, ಮೀನು ಎತ್ತಿಟ್ಟು, ಅದೇ ತಟ್ಟೆ ವಾಪಸ್ ತಂದ. ನಿಂಬೆಹಣ್ಣಿನ ಹೋಳು ಕೂಡ ಇಟ್ಟ ಜಾಗದಲ್ಲೇ ಇತ್ತು.

ಅತ್ತೆಗೆ ಮೀನಿನ ಮೇಲೆ ಸಿಟ್ಟು ಬರಲಿಲ್ಲ. ತಿರುಳನ್ನೇ ನೋಡುತ್ತಿದ್ದರು.

"ಇದು ಸುಳಿ ಅಲ್ವೇನೋ?"

"ಹೂಂ ಅಮ್ಮ. ಒಂದು ಥರ ತಾಳೆಮರದ್ದು."

"ಸುಳಿ ತೆಗೆದ್ರೆ ಮರ ಉಳಿಯುತ್ತಾ?"

ಇವರು ಉತ್ತರ ಕೊಡಲಿಲ್ಲ. ವೆಯಿಟರ್ ಮಾತ್ರ ಹೆಮ್ಮೆಯಿಂದ ವಿವರಿಸಿದ. ಏಳು ವರ್ಷ ಬೆಳೆಸಿದ ಮರವಂತೆ, ಕಡಿದೇ ತೆಗೆಯಬೇಕಂತೆ, ಅದಕ್ಕೇ ಮಿಲಿಯನೇರ್ ಸಲಾಡ್ ಅನ್ನುತ್ತಾರಂತೆ. ಪುಟ್ಟಿ ಅದನ್ನು ಚಾಚೂ ತಪ್ಪದೆ ಅಜ್ಜಿಗೆ ಹೇಳಿದಳು. ಮಕ್ಕಳ ಬಾಯಿಗೆ ಬೀಗ ಎಲ್ಲಿಂದ ತರಲಿ!

ಅತ್ತೆ ನಿಧಾನವಾಗಿ ಅಂದರು: "ಗಾಳಿಗೆ ತೋಟದಲ್ಲಿ ತೆಂಗಿನಮರ ಬಿದ್ದಾಗ ನಮ್ಮಪ್ಪ ಸುಳಿ ಬಿಡಿಸಿ ನಮಗೆಲ್ಲ ಕೊಡೋರು. ಎಷ್ಟು ಸಿಹಿ! ಅಪ್ಪ ಮಾತ್ರ ತಿಂತಿರಲಿಲ್ಲ. ಅವತ್ತು ಊಟಾನೂ ಮಾಡ್ತಿರಲಿಲ್ಲ."

ಅಲ್ಲಿಗೆ ಊಟ ಮುಗಿಯಿತು. ಬಿಲ್ಲು ಮಾರಿಷಸ್ ರೂಪಾಯಿಯಲ್ಲಿ. ಅದನ್ನು ನಮ್ಮ ರೂಪಾಯಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಲೆಕ್ಕ ಹಾಕಬೇಡ ಅಂತ ಇವರು. ಹಾಕಿದೆ.

ಇವತ್ತು ಬೆಳಗ್ಗೆ ಮಾಯೆಬೂರ್ ಸಂತೆ. ಬೋರ್ಡಿನಲ್ಲಿ ಮಹೇಬೂರ್ಗ್ ಅಂತ ಓದಿ ಟ್ಯಾಕ್ಸಿಯವನ ಹತ್ತಿರ ನಗೆಪಾಟಲಾದೆವು. ಸೋಮವಾರದ ಸಂತೆ ಇಲ್ಲಿ ದೊಡ್ಡದು. ಬಟ್ಟೆ, ಬುಟ್ಟಿ, ತರಕಾರಿ. ತರಕಾರಿ ಸಾಲಿಗೆ ಕಾಲಿಟ್ಟಿದ್ದೇ ಅತ್ತೆಯ ನಡಿಗೆಯೇ ಬೇರೆ ಆಯಿತು. ನುಗ್ಗೆಸೊಪ್ಪಿನ ಕಟ್ಟು ಎತ್ತಿ ಮೂಸಿದರು. ಅದಕ್ಕಿಲ್ಲಿ ಬ್ರೆದ್ ಮುರುಂ ಅನ್ನುತ್ತಾರೆ (ಬ್ರೆದ್ ಅಂದರೆ ಸೊಪ್ಪು). ಕರಿಬೇವು ಕಾರಿಪುಲೆ, ಹೀರೇಕಾಯಿ ಪಿಪಂಗಾಯ್. ತಮಿಳಿನ ಮುರುಂಗೈ, ಕರಿವೇಪ್ಪಿಲೈ, ಪೀರ್ಕಂಗಾಯ್ ಫ್ರೆಂಚರ ಬಾಯಲ್ಲಿ ಹೊರಳಿ ಹೀಗಾಗಿರಬೇಕು. "ಹೆಸರು ಕೆಟ್ಟರೂ ಸೊಪ್ಪು ಕೆಟ್ಟಿಲ್ಲ" ಅಂದರು ಅತ್ತೆ.

ಮೂಲೆಯಲ್ಲಿ ದಾಲ್ ಪುರಿ ಅಂಗಡಿ. ಅತ್ತೆಯಷ್ಟೇ ವಯಸ್ಸಿನ ಹೆಂಗಸು. ಕಾಗದದ ಮೇಲೆ ಎರಡು ಹಾಸಿ (ಇಲ್ಲಿ ಜೋಡಿ ಲೆಕ್ಕದಲ್ಲೇ ಕೇಳಬೇಕು), ಡಬಲ್ ಬೀನ್ಸ್ ಥರದ ಕಾಳಿನ ಕರಿ, ಟೊಮ್ಯಾಟೊ ಗೊಜ್ಜು ಸವರಿ, "ಪಿಮಾ?" ಅಂತ ಕೇಳುತ್ತಾಳೆ. ಖಾರ ಬೇಕಾ ಅಂತ. ಬೇಕು ಅಂದರೆ ಹಸಿಮೆಣಸಿನಕಾಯಿ ಚಟ್ನಿ. ಪಟಕ್ಕನೆ ಸುತ್ತಿ ಕೈಗೆ.

ಅತ್ತೆ ಮೊದಲು ಅಂಚು ಹರಿದು, ಪದರ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹಳದಿ ಬೇಳೆಪುಡಿ, ಬಟ್ಟೆಯಷ್ಟು ತೆಳ್ಳಗೆ, ಅಂಚಿನ ತನಕ ಹರಡಿತ್ತು. ಆಮೇಲೆ ಬಾಯಿಗಿಟ್ಟರು.

"ಇದು ಹೋಳಿಗೆ ಕಣೇ! ಬೆಲ್ಲ ಮರೆತಿದ್ದಾರೆ ಅಷ್ಟೇ."

ಅಲ್ಲಿಂದ ಶುರುವಾಯಿತು ನೋಡಿ ಅವರಿಬ್ಬರ ಮಾತು. ಮಾವನವರು ಜಬಲ್ಪುರದಲ್ಲಿದ್ದಾಗ ಕಲಿತ ಹಿಂದಿ ಅತ್ತೆಯದು, ಅಜ್ಜಿಯಿಂದ ಬಂದ ಭೋಜಪುರಿ ಆಕೆಯದು. ಅರ್ಧ ಕೈಯಲ್ಲೇ. ಆಕೆಯ ಮುತ್ತಜ್ಜ ಬಿಹಾರದಿಂದ ಕಬ್ಬಿನ ಗದ್ದೆಗೆ ಕೂಲಿಯಾಗಿ ಬಂದವನಂತೆ. ಶನಿವಾರ ಪೋರ್ಟ್ ಲೂಯಿಯಲ್ಲಿ ಆಪ್ರವಾಸಿ ಘಾಟ್ ನೋಡಿದ್ದೆವಲ್ಲ, 1834ರಿಂದ ಹಡಗಿಳಿದವರು ಹತ್ತಿಹೋದ ಆ 16 ಮೆಟ್ಟಿಲು. ಅಲ್ಲಿ ಅತ್ತೆ ಮಂಡಿನೋವು ಅಂತ ಕೂತೇ ಇದ್ದರು, ಏನೂ ಅನ್ನಲಿಲ್ಲ. ಇಲ್ಲಿ ಮಾತ್ರ ಆಕೆಯ ಮುಂಗೈ ಹಿಡಿದುಕೊಂಡರು. ಹಿಡಿದುಕೊಂಡು ಕೇಳಿದ್ದು, ಬೇಳೆ ಎಷ್ಟು ಬೇಯಿಸ್ತೀಯಾ?

ಬೇಳೆ ಮೆತ್ತಗಾಗಬಾರದು, ಉಗುರಲ್ಲಿ ಒತ್ತಿದರೆ ಮುರಿಯಬೇಕು. ನೀರು ಪೂರ್ತಿ ಬಸಿದು, ಒಣಗಿದ ಹಾಗೆ ಪುಡಿ ಮಾಡಬೇಕು. ಅರಿಶಿನ, ಜೀರಿಗೆ. ಇಲ್ಲಿ ಕಡಲೆಬೇಳೆ ಬದಲು ಹಳದಿ ಬಟಾಣಿ ಬೇಳೆ. ಬಸಿದ ನೀರನ್ನು ಚೆಲ್ಲುವುದಿಲ್ಲ, ಅದರಲ್ಲೇ ಹಿಟ್ಟು ಕಲೆಸುವುದು. ಮದುವೆಯಲ್ಲಿ ಇದರ ಜೊತೆ ಪಾಯಸ ಇರಲೇಬೇಕಂತೆ. ಅತ್ತೆ ತಲೆಯಾಡಿಸುತ್ತಾ ತಿನ್ನುತ್ತಲೇ ಇದ್ದರು. ಎರಡಾಯಿತು, ಮತ್ತೆರಡು. ಆಕೆ ಕಡೆಯ ಜೋಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಇವರು ಒತ್ತಾಯ ಮಾಡಲು ಹೋಗಿ ಅತ್ತೆಯ ಕೈಲಿ ಬೈಸಿಕೊಂಡರು.

ನಾಳೆಗೆ ಇವರು ಪಶ್ಚಿಮದ ಕಡೆ ಇನ್ನೊಂದು ಹೋಟೆಲ್ ಬುಕ್ ಮಾಡಿದ್ದಾರೆ, ಸೂರ್ಯಾಸ್ತ ಕಾಣುತ್ತಂತೆ. ಕ್ಯಾನ್ಸಲ್ ಮಾಡಿ ಅಂದರೆ ಮುಖ ಊದಿಸಿಕೊಂಡಿದ್ದಾರೆ. ಅವರಿಗೂ ಪಾಪ, ಅಮ್ಮನನ್ನು ಒಳ್ಳೆ ಜಾಗದಲ್ಲಿ ಕೂರಿಸಿ ಉಣ್ಣಿಸೋ ಆಸೆ.

ಈಗ ಹತ್ತೂವರೆ. ಪುಟ್ಟಿ ಮಲಗಿದ್ದಾಳೆ. ಅತ್ತೆಯೂ ಮಲಗಿದರು ಅಂದುಕೊಂಡಿದ್ದೆ. ಕತ್ತಲಲ್ಲೇ ದನಿ ಬಂತು:

"ಅಲ್ವೇ, ಕಟ್ಟನ್ನೆಲ್ಲ ಹಿಟ್ಟಿಗೇ ಹಾಕಿಬಿಟ್ರೆ, ಒಬ್ಬಟ್ಟಿನ ಸಾರು ಯಾತರಲ್ಲಿ ಮಾಡ್ತಾರೆ?"