ಡಿಸೆಂಬರ್ ಮಳೆಯಲ್ಲಿ ದೇವರಾಯನದುರ್ಗ
ಚಳಿಗಾಲದಲ್ಲಿ ಎಂಥ ಮಳೆ ಅಂತ ಎಂಟೂ ಜನ ಕೊಡೆ ಮನೆಯಲ್ಲೇ ಬಿಟ್ಟು ತುಮಕೂರಿನ ಹತ್ತಿರದ ಈ ಬೆಟ್ಟ ಹತ್ತೋಕೆ ಬಂದಿದ್ದೆವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ತುಮಕೂರಿಗೂ ಜಡಿಮಳೆ ಹಿಡಿಯುತ್ತದೆ, ಗೊತ್ತಿದ್ದೂ ಮರೆತಿದ್ದೆವು. ಬೆಟ್ಟದ ಬುಡದಲ್ಲಿರೋ ನಾಮದ ಚಿಲುಮೆ ಒರತೆ ದಾಟುವಷ್ಟರಲ್ಲಿ ಶೂ ಒಳಗೆಲ್ಲ ನೀರು.

ಆದರೆ ಹಳ್ಳದ ಪಕ್ಕದ ಕಾಲುದಾರಿ ಇದೆಯಲ್ಲ, ಅದನ್ನು ಮಳೆಯಲ್ಲೇ ನೋಡಬೇಕು. ಬೇಸಿಗೆಯಲ್ಲಿ ಸುಮ್ನೆ ಬಿದ್ದಿರೋ ಬಂಡೆಗಳ ಸಂದಿಯಲ್ಲೆಲ್ಲ ಕೆಂಪು ನೀರು ಗುಳುಗುಳು ಅಂತ ಇಳಿಯುತ್ತಿತ್ತು. ಜಯಮಂಗಲಿ, ಶಿಂಷಾ ಎರಡೂ ನದಿ ಹುಟ್ಟುವುದು ಈ ಬೆಟ್ಟಗಳಲ್ಲೇ. ಒಂದು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರಿದರೆ, ಇನ್ನೊಂದು ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ನಾನು ಜಾರಿ ದೊಪ್ಪಂತ ಕೂತ ಬಂಡೆಯ ನೀರು ಯಾವ ಕಡೆ ಹೋಯಿತೋ!

ಮೇಲೆ ಯೋಗ ನರಸಿಂಹನ ಗುಡಿ ಹತ್ತಿರ ಬರೀ ಮಂಜು, ಫೋಟೊ ಒಂದೂ ಸರಿ ಬರಲಿಲ್ಲ. ನಡುಗುತ್ತಾ ಇಳಿದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು, ನಾನು ಮೂರು.