ಪ್ರಾಸ್ಟೇಟ್ ಅಡ್ಡಿಗೆ ಹೊಸ ಕಿರು ಚಿಕಿತ್ಸೆಗಳು: ಐದು ವರ್ಷ ಕಳೆದ ಮೇಲಿನ ಲೆಕ್ಕ

ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಬೆಳೆದು, ಮೂತ್ರಕೋಶದ ಹೊರದಾರಿಯನ್ನು ಒತ್ತಿ, ಮೂತ್ರದ ಧಾರೆಯನ್ನು ಕುಗ್ಗಿಸುವ ತೊಂದರೆಗೆ ಈಗ ಬಗೆಬಗೆಯ ಕಿರು ಚಿಕಿತ್ಸೆಗಳಿವೆ. ಅವುಗಳ ಬಗ್ಗೆ ಬರುವ ವರದಿಗಳನ್ನು ನಾನು ಬಹುಕಾಲದಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಪ್ರತಿ ವರದಿಯಲ್ಲೂ ನಾನು ಮೊದಲು ಹುಡುಕುವುದು ಒಂದೇ ಅಂಶ: ಐದನೆಯ ವರ್ಷದ ಹೊತ್ತಿಗೆ ಎಷ್ಟು ಮಂದಿ ಮತ್ತೆ ಶಸ್ತ್ರಚಿಕಿತ್ಸೆಗೋ ಮಾತ್ರೆಗೋ ಮರಳಬೇಕಾಯಿತು?

ಮೊದಲ ತಿಂಗಳುಗಳ ಸುಧಾರಣೆಯನ್ನೇ ನೆಚ್ಚಿಕೊಳ್ಳಲಾಗದು ಎಂಬುದಕ್ಕೆ ಯುರೋಲಿಫ್ಟ್ ಪರೀಕ್ಷೆಯೇ ಸಾಕ್ಷಿ. ಚಿಕ್ಕ ಕೊಂಡಿಗಳಿಂದ ಗ್ರಂಥಿಯ ಹಾಲೆಗಳನ್ನು ಪಕ್ಕಕ್ಕೆ ಎಳೆದು ಕಟ್ಟುವ ಈ ವಿಧಾನಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆಯಿತು. 206 ಗಂಡಸರು ಪಾಲ್ಗೊಂಡಿದ್ದ ಆ ಪರೀಕ್ಷೆಯಲ್ಲಿ, ಮೂರು ತಿಂಗಳಾದಾಗ ಚಿಕಿತ್ಸೆ ಪಡೆದವರ ಲಕ್ಷಣಗಳ ಅಂಕ (ತೊಂದರೆ ಹೆಚ್ಚಿದಷ್ಟೂ ಏರುವ ಅಂಕ) ಸರಾಸರಿ 11.1ರಷ್ಟು ಇಳಿದರೆ, ಚಿಕಿತ್ಸೆಯ ತೋರಿಕೆ ಮಾತ್ರ ನಡೆದವರಲ್ಲೂ 5.9ರಷ್ಟು ಇಳಿದಿತ್ತು. ಏನನ್ನೂ ಮಾಡದೆಯೇ ಅರ್ಧದಷ್ಟು ನೆಮ್ಮದಿ ಸಿಗುವ ಕಾಯಿಲೆಯಲ್ಲಿ ಚಿಕಿತ್ಸೆಯ ನಿಜವಾದ ಬೆಲೆ ತಿಳಿಯಲು ವರ್ಷಗಳೇ ಬೇಕು. ಅದೇ ಪರೀಕ್ಷೆಯ ಐದನೆಯ ವರ್ಷದಲ್ಲಿ ಲಕ್ಷಣಗಳ ಅಂಕ ಮೊದಲಿಗಿಂತ 36 ಶೇಕಡಾ ಕಡಿಮೆಯೇ ಇತ್ತು, ಆದರೆ 13.6 ಶೇಕಡಾ ಮಂದಿಗೆ ಅಷ್ಟರಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಿತ್ತು.

ನೀರಿನ ಹಬೆಯಿಂದ ಗ್ರಂಥಿಯ ಅಂಗಾಂಶವನ್ನು ಸಾಯಿಸುವ ರೆಜೂಮ್ ವಿಧಾನದಲ್ಲಿ ಐದು ವರ್ಷಗಳ ಬಳಿಕ ಮರುಶಸ್ತ್ರಚಿಕಿತ್ಸೆಯ ಪ್ರಮಾಣ 4.4 ಶೇಕಡಾ ಇತ್ತು, ಇನ್ನೂ 11.1 ಶೇಕಡಾ ಮಂದಿ ಮಾತ್ರೆಗೆ ಮರಳಿದ್ದರು. ಯುರೋಲಿಫ್ಟ್ ಅಂಗಾಂಶವನ್ನು ಸರಿಸುತ್ತದೆಯೇ ಹೊರತು ತೆಗೆಯುವುದಿಲ್ಲ, ಹಬೆಯಿಂದ ಸತ್ತ ಅಂಗಾಂಶವನ್ನಾದರೋ ದೇಹವೇ ಕ್ರಮೇಣ ಹೀರಿಕೊಳ್ಳುತ್ತದೆ; ವ್ಯತ್ಯಾಸಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನಗನ್ನಿಸುತ್ತದೆ. ಆದರೂ ಈ ಎರಡು ಅಂಕಿಗಳನ್ನು ನೇರವಾಗಿ ಎದುರುಬದುರು ಇಡುವುದು ನ್ಯಾಯವಲ್ಲ, ಏಕೆಂದರೆ ಅವು ಬೇರೆ ಬೇರೆ ಪರೀಕ್ಷೆಗಳಿಂದ ಬಂದವು. ಮೂತ್ರಕೋಶದೊಳಕ್ಕೆ ಚಾಚಿದ ಮಧ್ಯದ ಹಾಲೆಯಿಂದಲೇ ಅಡ್ಡಿಯಾಗಿದ್ದವರನ್ನು ಮೊದಲ ಪರೀಕ್ಷೆ ಹೊರಗಿಟ್ಟಿತ್ತು, ಎರಡನೆಯದು ಸೇರಿಸಿಕೊಂಡಿತ್ತು. 80 ಗ್ರಾಂ ಮೀರಿದ ದೊಡ್ಡ ಗ್ರಂಥಿಗಳು ಎರಡರಲ್ಲೂ ಇರಲಿಲ್ಲ.

ಲೇಸರ್‌ನಿಂದ ಗ್ರಂಥಿಯ ಒಳಭಾಗವನ್ನು ಇಡಿಯಾಗಿ ಬಿಡಿಸಿ ತೆಗೆಯುವ ಹೋಲೆಪ್ ಇವುಗಳಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ, ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ನಡೆಯುವಂಥದ್ದು. ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಅವರ ತಂಡ ಇದನ್ನು, ಮೂತ್ರನಾಳದ ಮೂಲಕ ಗ್ರಂಥಿಯ ಒಳಭಾಗವನ್ನು ಚೂರುಚೂರಾಗಿ ಕೆತ್ತಿ ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆಯಾದ ಟಿಯುಆರ್‌ಪಿ ಜೊತೆ ಹೋಲಿಸಿ, ಏಳು ವರ್ಷಗಳಿಗೂ ಮೀರಿ ರೋಗಿಗಳನ್ನು ಗಮನಿಸಿತು. ಹೋಲೆಪ್ ಗುಂಪಿನಲ್ಲಿ ಯಾರಿಗೂ ಮರುಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಟಿಯುಆರ್‌ಪಿ ಗುಂಪಿನಲ್ಲಿ ಮೂವರಿಗೆ ಬೇಕಾಯಿತು. ಬಹಳ ಒಳ್ಳೆಯ ಫಲಿತಾಂಶವೇ. ಆದರೆ ಆರಂಭದ 61 ಮಂದಿಯಲ್ಲಿ ಕೊನೆಗೆ ಲೆಕ್ಕಕ್ಕೆ ಸಿಕ್ಕವರು 31 ಮಂದಿ. ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದರು, ಕೆಲವರ ಸಂಪರ್ಕ ತಪ್ಪಿತ್ತು. ವಯಸ್ಸಾದವರ ಕಾಯಿಲೆಯನ್ನು ದೀರ್ಘಕಾಲ ಹಿಂಬಾಲಿಸುವಾಗ ಇದು ತಪ್ಪಿದ್ದಲ್ಲ. ಹೀಗೆ ಕೈತಪ್ಪಿದವರು ಗುಣವಾಗಿ ಬರುವುದನ್ನು ಬಿಟ್ಟರೋ, ಬೇಸತ್ತು ಬೇರೆ ವೈದ್ಯರ ಬಳಿಗೆ ಹೋದರೋ ಎಂಬುದು ಯಾವ ಅಧ್ಯಯನದಲ್ಲೇ ಆಗಲಿ ಪೂರ್ತಿಯಾಗಿ ತಿಳಿಯುವುದು ಕಷ್ಟ.

ನನಗೆ ಇನ್ನೂ ಹೆಚ್ಚು ಕಾಳಜಿಯಿರುವುದು ಮೂತ್ರಕೋಶದ ವಿಷಯದಲ್ಲಿ. ಲಕ್ಷಣಗಳ ಅಂಕ ರೋಗಿ ತಾನೇ ಕೊಡುವ ಉತ್ತರಗಳಿಂದ ಬರುತ್ತದೆ. ಅಡ್ಡಿ ನಿಜವಾಗಿ ಹೋಗಿದೆಯೇ ಎಂಬುದು ಮೂತ್ರಕೋಶದ ಒತ್ತಡವನ್ನೂ ಮೂತ್ರದ ಹರಿವನ್ನೂ ಒಟ್ಟಿಗೆ ಅಳೆದಾಗಲೇ ಖಚಿತವಾಗುತ್ತದೆ. ಹೊಸ ವಿಧಾನಗಳ ಬಹಳಷ್ಟು ವರದಿಗಳಲ್ಲಿ ಈ ಅಳತೆ ಇರುವುದಿಲ್ಲ. ಅಡ್ಡಿಯ ವಿರುದ್ಧ ವರ್ಷಗಟ್ಟಲೆ ಒತ್ತಿ ಮೂತ್ರಕೋಶದ ಸ್ನಾಯು ಸೋತಿದ್ದರೆ, ದಾರಿ ಎಷ್ಟೇ ಸಲೀಸಾದರೂ ಧಾರೆ ಬಲಗೊಳ್ಳದೆ ಇರಬಹುದು, ಆಗ ದೋಷವೆಲ್ಲ ಶಸ್ತ್ರಚಿಕಿತ್ಸೆಯ ತಲೆಗೆ ಬರುತ್ತದೆ.

ಇಷ್ಟೆಲ್ಲ ತಿಳಿದೂ ಒಬ್ಬರು ಯುರೋಲಿಫ್ಟ್ ಆರಿಸಿಕೊಂಡರೆ ಅದನ್ನು ತಪ್ಪೆನ್ನಲಾರೆ. ಟಿಯುಆರ್‌ಪಿ ನಂತರ ಹೆಚ್ಚಿನವರಲ್ಲಿ ವೀರ್ಯ ಹೊರಬಾರದೆ ಮೂತ್ರಕೋಶದೊಳಕ್ಕೆ ಹಿಂದಿರುಗುತ್ತದೆ. ಯುರೋಲಿಫ್ಟ್ ಈ ಕ್ರಿಯೆಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುತ್ತದೆ. ಅದಕ್ಕಾಗಿ ಕೆಲವು ವರ್ಷಗಳ ಬಳಿಕ ಇನ್ನೊಂದು ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಒಪ್ಪಿಕೊಳ್ಳುವುದು ವಿವೇಕದ ಆಯ್ಕೆಯೇ ಆಗಬಹುದು. ಆದರೆ ಆ ಸಾಧ್ಯತೆಯನ್ನು ಒಪ್ಪಿಗೆಯ ಸಹಿಗೆ ಮೊದಲೇ ಅಂಕಿಯ ಸಮೇತ ಹೇಳಿರಬೇಕು. ಧಾರೆ ಚೆನ್ನಾಗಿದೆ ಎನ್ನಿಸಿದರೂ, ಮೂತ್ರದ ಹರಿವನ್ನು ಮತ್ತು ಮೂತ್ರ ಮಾಡಿದ ಮೇಲೆ ಮೂತ್ರಕೋಶದಲ್ಲಿ ಉಳಿಯುವ ಪ್ರಮಾಣವನ್ನು ಆಗಾಗ ಅಳೆಸಿಕೊಳ್ಳುತ್ತಿರಬೇಕೆಂದೂ ಅವರಿಗೆ ಆಗಲೇ ತಿಳಿಸಬೇಕು.